ಮುಖ ಅವರದು, ಗಂಟು ನಮ್ಮದು

(ಹುಲಿಕೆರೆಯಲ್ಲಿ ಕಾರ್ಮಿಕರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಅರಸೀಕೆರೆಯಿಂದ, ಬೇಲೂರಿನಿಂದ ಬಸ್ಸು ಹಿಡಿದು ಬಂದಿದ್ದೀರಿ. ಪಾಳಿ ಮುಗಿಸಿ ನೇರವಾಗಿ ಬಂದವರಿದ್ದೀರಿ, ಅಂಗಡಿಯ ಬಾಗಿಲೆಳೆದು ಬಂದವರಿದ್ದೀರಿ. ಆದ್ದರಿಂದ ಪೀಠಿಕೆ ಬೇಡ. ನಾವು ಮಾತಾಡಬೇಕಾದುದು ಜಾಹೀರಾತಿನಲ್ಲಿ ನಗುವ ದೊಡ್ಡ ಮುಖಗಳ ವಿಚಾರ. ನಟನೊಬ್ಬ ಸೋಪು ಮಾರಿದರೆ ಹೆಚ್ಚೆಂದರೆ ನೊರೆ ಬಾರದೆ ಹೋದೀತು. ಅವನೇ ಹಣ ಹೂಡುವ ಕಂಪನಿಯ ಪರವಾಗಿ ಕೈಯೆತ್ತಿದರೆ ಹೋಗುವುದು ಮಗಳ ಮದುವೆಗೆಂದು ಇಟ್ಟ ಗಂಟು.

೨೦೦೧ರ ಸುಮಾರಿಗೆ ಹೋಂ ಟ್ರೇಡ್ ಎಂಬ ಕಂಪನಿ ಸಚಿನ್ ತೆಂಡೂಲ್ಕರ್, ಶಾರುಖ್ ಖಾನ್, ಹೃತಿಕ್ ರೋಷನ್ ಮೂವರನ್ನೂ ತನ್ನ ಜಾಹೀರಾತಿಗೆ ತಂದಿತು. ೨೦೦೨ರಲ್ಲಿ ಅದರ ಬಣ್ಣ ಬಯಲಾಯಿತು. ಸರ್ಕಾರಿ ಸಾಲಪತ್ರ ಕೊಡಿಸುತ್ತೇವೆಂದು ಸಹಕಾರಿ ಬ್ಯಾಂಕುಗಳಿಂದ ಹಣ ಪಡೆದು, ಪತ್ರಗಳನ್ನೇ ಕೊಟ್ಟಿರಲಿಲ್ಲ. ನಾಗಪುರ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಒಂದೇ ಕಳೆದುಕೊಂಡದ್ದು ಸುಮಾರು ೧೫೦ ಕೋಟಿ ರೂಪಾಯಿ. ಆ ಮೂವರಿಗೆ ಮೋಸ ಗೊತ್ತಿತ್ತೆಂದು ನಾವು ಹೇಳುವುದಿಲ್ಲ. ಗೊತ್ತಿಲ್ಲದ ವಸ್ತುವಿಗೆ ಹೆಸರು ಕೊಟ್ಟರಲ್ಲ ಎಂಬುದೇ ನಮ್ಮ ತಕರಾರು.

ದೂರದ ನಾಗಪುರವೇಕೆ, ನಮ್ಮ ಬೆಂಗಳೂರನ್ನೇ ನೋಡಿ. ೨೦೦೬ರಲ್ಲಿ ಹುಟ್ಟಿದ ಐಎಂಎ ಸಂಸ್ಥೆ ೨೦೧೯ರ ಜೂನಿನಲ್ಲಿ ಬಾಗಿಲು ಹಾಕಿತು. ಹಣ ಕಳೆದುಕೊಂಡವರು ೪೦,೦೦೦ಕ್ಕೂ ಹೆಚ್ಚು. ಬಡ್ಡಿಯಲ್ಲ, ವ್ಯಾಪಾರದ ಲಾಭದಲ್ಲಿ ಪಾಲು ಎಂದು ಹೇಳಿ, ಬಡ್ಡಿ ಮುಟ್ಟದ ಮುಸಲ್ಮಾನ ಸಂಸಾರಗಳ ಉಳಿತಾಯವನ್ನು ಬಾಚಿಕೊಂಡರು. ಅಲ್ಲಿ ಸಿನಿಮಾ ತಾರೆ ಬೇಕಾಗಲಿಲ್ಲ. ಧರ್ಮದ ಹಿರಿಯರು, ರಾಜಕಾರಣಿಗಳು ಮಾಲೀಕನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಶಿವಾಜಿನಗರದ ಸರ್ಕಾರಿ ಶಾಲೆಗೆ ಸಂಸ್ಥೆ ಹಣ ಕೊಟ್ಟಿತು. ಶಾಲೆಗೆ ಕೊಡುವವನು ಮೋಸ ಮಾಡಿಯಾನೆ ಎಂದು ಜನ ನಂಬಿದರು. ಮಾಲೀಕ ಮೊಹಮ್ಮದ್ ಮನ್ಸೂರ್ ಖಾನ್ ದುಬೈಗೆ ಓಡಿದ. ಜುಲೈಯಲ್ಲಿ ದೆಹಲಿಗೆ ಮರಳಿದಾಗ ಸೆರೆಯಾದ. ಕುರ್ಚಿಯಲ್ಲಿ ಕುಳಿತಿದ್ದವರಲ್ಲಿ ಎಷ್ಟು ಜನ ಠೇವಣಿದಾರರ ಮನೆ ಬಾಗಿಲಿಗೆ ಹೋದರು?

ಇಲ್ಲಿ ತೆಂಗು ಬೆಳೆಯುವವರಿದ್ದೀರಿ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರದೆ ಉಂಡೆ ಕೊಬ್ಬರಿಯಾಗದು. ಆದರೂ ತಿಂಗಳಿಗೆ ನೂರಕ್ಕೆ ಮೂರು ಕೊಡುತ್ತೇನೆಂದವನನ್ನು ನಾವು ನಂಬುತ್ತೇವೆ. ಲೆಕ್ಕ ಹಾಕಿ. ಲಕ್ಷ ರೂಪಾಯಿ ಇಟ್ಟವನಿಗೆ ತಿಂಗಳಿಗೆ ೩,೦೦೦. ಯಾವ ವ್ಯಾಪಾರವನ್ನೂ ಮಾಡದೆ, ಅವನ ಹಣವನ್ನೇ ಅವನಿಗೆ ಹಿಂದಕ್ಕೆ ಕೊಡುತ್ತ ೩೩ ತಿಂಗಳು ಸಾಗಿಸಬಹುದು! ಅಷ್ಟರಲ್ಲಿ ಅವನು ಭಾವಮೈದುನನನ್ನೂ ಪಕ್ಕದ ಯಂತ್ರದವನನ್ನೂ ಕರೆತಂದಿರುತ್ತಾನೆ. ಹೊಸಬರು ಬರುವವರೆಗೆ ಬಂಡಿ ಓಡುತ್ತದೆ. ಹೊಸಬರನ್ನು ಎಳೆಯುವುದಕ್ಕೇ ದೊಡ್ಡ ಮುಖ ಬೇಕು.

ತಾರೆಯರೇನು ನಮಗಿಂತ ಜಾಣರೆ? ೨೦೧೮ರಲ್ಲಿ ಬೆಂಗಳೂರಿನ ವಿಕ್ರಮ್ ಇನ್ವೆಸ್ಟ್‌ಮೆಂಟ್ ಎಂಬ ಕಂಪನಿಯ ಮೋಸ ಹೊರಬಿದ್ದಾಗ, ಹಣ ಹಾಕಿದವರಲ್ಲಿ ರಾಹುಲ್ ದ್ರಾವಿಡ್, ಪ್ರಕಾಶ್ ಪಡುಕೋಣೆ, ಸೈನಾ ನೆಹ್ವಾಲ್ ಇದ್ದರು. ದ್ರಾವಿಡ್ ಅವರೇ ಪೊಲೀಸರಿಗೆ ದೂರು ಕೊಡಬೇಕಾಯಿತು. ಅವರದು ಜಾಹೀರಾತಲ್ಲ, ನಷ್ಟ. ಬ್ಯಾಟು ಹಿಡಿಯುವ ವಿದ್ಯೆ ಬೇರೆ, ಲೆಕ್ಕಪತ್ರ ನೋಡುವ ವಿದ್ಯೆ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಾನೂನು ಇಲ್ಲವೆಂದಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವನಿಗೆ ೧೦ ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ ೫೦ ಲಕ್ಷದವರೆಗೆ. ಮೊದಲೇ ತಕ್ಕಷ್ಟು ವಿಚಾರಿಸಿದ್ದೆನೆಂದು ತೋರಿಸಿದರೆ ಅದೂ ಇಲ್ಲ. ಕೋಟಿಗಳಲ್ಲಿ ಸಂಭಾವನೆ ಎಣಿಸುವವನಿಗೆ ೧೦ ಲಕ್ಷ ಯಾವ ಲೆಕ್ಕ? ಅಮೆರಿಕದಲ್ಲಿ ೨೦೨೨ರಲ್ಲಿ ಕಿಮ್ ಕಾರ್ಡಾಶಿಯನ್ ಎಂಬಾಕೆ ಕ್ರಿಪ್ಟೋ ನಾಣ್ಯವೊಂದನ್ನು ಹೊಗಳಲು ೨,೫೦,೦೦೦ ಡಾಲರ್ ಪಡೆದುದನ್ನು ಮುಚ್ಚಿಟ್ಟಿದ್ದಕ್ಕೆ ೧೨ ಲಕ್ಷ ೬೦ ಸಾವಿರ ಡಾಲರ್ ತೆರಬೇಕಾಯಿತು. ಪಡೆದದ್ದರ ಐದು ಪಟ್ಟು! ಬಂಡವಾಳಗಾರರ ದೇಶದಲ್ಲೇ ಇಷ್ಟು ಸಾಧ್ಯವಾದರೆ ಇಲ್ಲೇಕೆ ಆಗದು? ಕಂಪನಿ ಮುಳುಗಿದರೆ ತಾರೆ ಪಡೆದ ಸಂಭಾವನೆಯೂ ಠೇವಣಿದಾರರಿಗೆ ಹಂಚುವ ಹಣದಲ್ಲಿ ಸೇರಬೇಕು. ಅದು ಠೇವಣಿದಾರರ ದುಡ್ಡಿನಿಂದಲೇ ಕೊಟ್ಟ ಸಂಭಾವನೆ. ನಮ್ಮ ಬೇಡಿಕೆ ಇದು.

ಇನ್ನೊಂದು ಮಾತು ಹೇಳದಿದ್ದರೆ ನಾವು ಅಪ್ರಾಮಾಣಿಕರಾಗುತ್ತೇವೆ. ಹಿಂದೊಮ್ಮೆ ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಹಣದ ಕಂಪನಿಯೊಂದರ ಏಜೆಂಟ್ ಶಾಮಿಯಾನದ ಬಾಡಿಗೆ ಕೊಟ್ಟ. ನಾವು ಅವನಿಗೆ ಹಾರ ಹಾಕಿದೆವು, ವೇದಿಕೆಯಲ್ಲಿ ಕೂರಿಸಿದೆವು. ಮರುದಿನದಿಂದ ಅವನು ಆ ಫೋಟೋ ಹಿಡಿದು ನಮ್ಮವರ ಮನೆಗಳಿಗೆ ಹೋದ. ಎರಡು ವರ್ಷದಲ್ಲಿ ಕಂಪನಿಯೂ ಇಲ್ಲ, ಅವನೂ ಇಲ್ಲ. ಹಣ ಕಳೆದುಕೊಂಡ ಬೀಡಾ ಅಂಗಡಿಯ ತಾಯಿಯೊಬ್ಬರು ಕೇಳಿದರು: "ನೀವೇ ಹಾರ ಹಾಕಿದ್ರಲ್ಲಪ್ಪ, ಇನ್ಯಾರನ್ನ ಕೇಳ್ಲಿ?" ನಾವು ಉತ್ತರ ಕೊಡಲಿಲ್ಲ. ನಮಗೆ ಸಿಕ್ಕಿದ್ದು ಶಾಮಿಯಾನದ ನೆರಳು ಮಾತ್ರ, ನಿಜ. ಆದರೂ ಆ ದಿನ ನಾವೂ ಜಾಹೀರಾತಿನ ಮುಖವೇ ಆಗಿದ್ದೆವು. ಆ ಮೇಲೆ ಹಣ ಎತ್ತುವ ಯಾರಿಂದಲೂ ಸಂಘಕ್ಕೆ ದೇಣಿಗೆ ಬೇಡವೆಂದು ಬರೆದಿಟ್ಟಿದ್ದೇವೆ. ದೇವಸ್ಥಾನದ ಸಮಿತಿಯವರೂ, ಕ್ರಿಕೆಟ್ ಪಂದ್ಯ ನಡೆಸುವ ಹುಡುಗರೂ ಹಾಗೆಯೇ ಬರೆದಿಡಲಿ ಎಂದು ಕೇಳುತ್ತೇವೆ.

ರಸೀದಿ ತಂದಿರುವವರು ಸಭೆ ಮುಗಿದ ಮೇಲೆ ಹೋಗಬೇಡಿ. ಬಾಂಡು, ಪಾಸ್‌ಪುಸ್ತಕ, ಏಜೆಂಟನ ಕೈಬರಹದ ಚೀಟಿ, ಏನಿದ್ದರೂ ಸರಿ. ಠೇವಣಿದಾರರ ಹಿತ ಕಾಯಲು ನಮ್ಮ ರಾಜ್ಯದಲ್ಲೇ ೨೦೦೪ರ ಕಾಯಿದೆಯಿದೆ. ಇಲ್ಲೇ ಕುಳಿತು ಒಬ್ಬೊಬ್ಬರದೂ ಅರ್ಜಿ ಬರೆಯೋಣ.