ಜೂನ್ ತಿಂಗಳ ಮಾವು ಜನವರಿಗೂ ಇರಲಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಒಂದು ದಿನದ ತರಬೇತಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮಾವಿನ ಹಣ್ಣಿನ ತಿರುಳು ತೆಗೆದು ಫ್ರೀಜರಿನಲ್ಲಿ ಇಡುವುದು ಹೇಗೆ ಅನ್ನೋದು ಇವತ್ತಿನ ವಿಷಯ. "ಇದರಲ್ಲಿ ಹೇಳೋದೇನಿದೆ, ಹಣ್ಣು ಹಿಂಡಿ ಡಬ್ಬಿಗೆ ಹಾಕಿದರಾಯ್ತು" ಅಂತ ಕೆಲವರಿಗೆ ಅನ್ನಿಸಬಹುದು. ಹಾಗೆ ಹಿಂಡಿ ಇಟ್ಟ ತಿರುಳು ಎರಡು ತಿಂಗಳಿಗೆ ಕಪ್ಪಗಾಗಿ, ರುಚಿ ಕೆಟ್ಟು, ಕೊನೆಗೆ ತಿಪ್ಪೆಗೆ ಹೋಗುವುದನ್ನೂ ನಾವು ನೋಡಿದ್ದೇವೆ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಿ.

ನಾವಿರುವುದು ಕೋಲಾರ ಜಿಲ್ಲೆಯಲ್ಲಿ. ಶ್ರೀನಿವಾಸಪುರದ ಮಾವು ಎಂದರೆ ದೇಶಕ್ಕೇ ಗೊತ್ತು. ಆದರೆ 2025ರಲ್ಲಿ ಏನಾಯಿತು ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತೋತಾಪುರಿ ಬೆಲೆ ಬಿದ್ದುಹೋಯಿತು. ನಮ್ಮ ತೋತಾಪುರಿಗೆ ದೊಡ್ಡ ಗಿರಾಕಿ ಚಿತ್ತೂರು ಕಡೆಯ ತಿರುಳಿನ ಕಾರ್ಖಾನೆಗಳು. ಅದೇ ವರ್ಷ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿಯನ್ನು ಒಳಗೆ ಬಿಡಬಾರದೆಂದು ಆದೇಶ ಮಾಡಿತು. ಆಮೇಲೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕರ್ನಾಟಕದ 2.5 ಲಕ್ಷ ಟನ್‌ವರೆಗಿನ ಮಾವಿಗೆ ಕ್ವಿಂಟಲ್‌ಗೆ 1,616 ರೂಪಾಯಿ ಬೆಲೆ ನಿಗದಿ ಮಾಡಿತು. ಅಂದರೆ ಕಿಲೋಗೆ 16 ರೂಪಾಯಿ ಚಿಲ್ಲರೆ.

ಗಡಿಯಲ್ಲಿ ಲಾರಿ ನಿಂತರೆ ನಮ್ಮ ಕೈಯಲ್ಲಿ ಏನೂ ಇಲ್ಲ. ಮಂಡಿಯ ಬೆಲೆಯೂ ನಮ್ಮ ಕೈಯಲ್ಲಿಲ್ಲ. ಆದರೆ ಅಂಗಳಕ್ಕೆ ಬಂದ ಹಣ್ಣು, ಮಂಡಿಯಲ್ಲಿ ಕೂಲಿಗೆ ಹೋದಾಗ ಕಡಿಮೆ ಬೆಲೆಗೆ ಸಿಕ್ಕಿದ ಹಣ್ಣು, ಗಾಳಿಮಳೆಗೆ ಉದುರಿ ಮನೆಯಲ್ಲಿ ಮಾಗಿದ ಹಣ್ಣು, ಇವನ್ನು ಏನು ಮಾಡಬೇಕು ಅನ್ನೋದು ನಮ್ಮ ಕೈಯಲ್ಲಿದೆ. ಜೂನ್‌ನಲ್ಲಿ ಕೇಳುವವರಿಲ್ಲದ ಹಣ್ಣನ್ನು ಜನವರಿಯಲ್ಲಿ ಮಕ್ಕಳು ಬಾಯಿಬಿಟ್ಟು ಕೇಳುತ್ತಾರೆ. ನಡುವಿನ ಆರು ತಿಂಗಳು ಅದನ್ನು ಕೆಡದಂತೆ ದಾಟಿಸುವುದೇ ನಮ್ಮ ಕೆಲಸ.

ಯಾವ ಹಣ್ಣು?

ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ, ಎಲ್ಲವೂ ಆಗುತ್ತದೆ. ಬಾದಾಮಿಗೆ ಬಣ್ಣ, ಪರಿಮಳ ಹೆಚ್ಚು, ನಾರು ಕಡಿಮೆ. ತೋತಾಪುರಿಗೆ ಪರಿಮಳ ಕಡಿಮೆ, ಆದರೆ ತಿರುಳು ದಂಡಿಯಾಗಿ ಬರುತ್ತೆ, ಬೆಲೆಯೂ ಕಡಿಮೆ. ಮೂರು ಪಾಲು ತೋತಾಪುರಿಗೆ ಒಂದು ಪಾಲು ಬಾದಾಮಿ ಸೇರಿಸಿದರೆ ಎರಡರ ಗುಣವೂ ಬರುತ್ತದೆ.

ಹಣ್ಣು ಪೂರ್ತಿ ಮಾಗಿರಬೇಕು. ಭತ್ತದ ಹುಲ್ಲಿನಲ್ಲಿ ಪದರ ಪದರವಾಗಿ ಜೋಡಿಸಿಟ್ಟರೆ ನಾಲ್ಕೈದು ದಿನದಿಂದ ಒಂದು ವಾರದೊಳಗೆ ಮಾಗುತ್ತದೆ. ಕಾರ್ಬೈಡ್ ಪುಡಿ ಮಾತ್ರ ಮುಟ್ಟಬೇಡಿ. ಅದರಿಂದ ಹಣ್ಣು ಮಾಗಿಸುವುದನ್ನು ಕಾನೂನು ನಿಷೇಧಿಸಿದೆ, ಆರೋಗ್ಯಕ್ಕೂ ಕೆಡುಕು.

ಬಿದ್ದು ಒಂದು ಕಡೆ ಪೆಟ್ಟಾದ ಹಣ್ಣು ಬೇಡವೇ? ಬೇಕು. ಪೆಟ್ಟಾದ ಜಾಗವನ್ನು ಸುತ್ತಲೂ ಸ್ವಲ್ಪ ಸೇರಿಸಿ ಕೊಯ್ದು ಬಿಸಾಡಿ, ಉಳಿದದ್ದು ಬಳಸಿ. ಆದರೆ ಬೂಷ್ಟು ಹಿಡಿದದ್ದು, ಹುಳಿವಾಸನೆ ಬಂದದ್ದು, ಒಳಗೆ ಹುಳು ಇರುವುದು ಬೇಡವೇ ಬೇಡ. ಒಂದು ಮಾತು ನೆನಪಿಡಿ: ಫ್ರೀಜರ್ ಒಳ್ಳೆಯದನ್ನು ಒಳ್ಳೆಯದಾಗಿ ಇಡುತ್ತದೆ, ಕೆಟ್ಟದ್ದನ್ನು ಒಳ್ಳೆಯದು ಮಾಡುವುದಿಲ್ಲ. ತಣ್ಣಗಾದರೆ ಕ್ರಿಮಿಗಳು ಸಾಯುವುದಿಲ್ಲ, ಬೆಳೆಯದೆ ಸುಮ್ಮನಿರುತ್ತವೆ, ಅಷ್ಟೇ. ಹೊರಗೆ ತೆಗೆದ ಕೂಡಲೇ ಮತ್ತೆ ಕೆಲಸ ಶುರು ಮಾಡುತ್ತವೆ.

ಮಾಡುವ ವಿಧಾನ

1. ಹಣ್ಣನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ತೊಟ್ಟಿನ ಹತ್ತಿರದ ಸೊನೆ ಪೂರ್ತಿ ಹೋಗಬೇಕು. ಸೊನೆ ಬಿದ್ದರೆ ತಿರುಳಿಗೆ ಒಗರು ಬರುತ್ತದೆ, ಕೆಲವರಿಗೆ ಬಾಯಿ ಸುತ್ತ ಹುಣ್ಣೂ ಆಗುತ್ತದೆ. ತೊಳೆದ ಹಣ್ಣನ್ನು ಒಣ ಬಟ್ಟೆಯಲ್ಲಿ ಒರೆಸಿ.

2. ಕೈಗೆ ಸೋಪು ಹಾಕಿ ತೊಳೆದುಕೊಳ್ಳಿ, ತಲೆಗೆ ಬಟ್ಟೆ ಕಟ್ಟಿ. ಕೈಯಲ್ಲಿ ಗಾಯ ಇದ್ದವರು ಈ ದಿನ ಲೆಕ್ಕ ಬರೆಯುವ ಕೆಲಸ ಮಾಡಲಿ.

3. ಸಿಪ್ಪೆ ತೆಗೆದು, ಓಟೆಯಿಂದ ತಿರುಳು ಬಿಡಿಸಿ. ಮಿಕ್ಸಿಯಲ್ಲಿ ನೀರು ಹಾಕದೆ ರುಬ್ಬಿ. ನಾರು ಹೆಚ್ಚಿದ್ದರೆ ಸ್ಟೀಲ್ ಜರಡಿಯಲ್ಲಿ ಸೋಸಿ. ಹತ್ತು ಕಿಲೋ ಹಣ್ಣಿಗೆ ಸುಮಾರು ಐದು ಕಿಲೋ ತಿರುಳು ಅಂತ ಲೆಕ್ಕ ಇಟ್ಟುಕೊಳ್ಳಿ.

4. ತಿರುಳನ್ನು ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಇಡಿ. ಕಬ್ಬಿಣ, ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಬೇಡ. ಹಣ್ಣಿನ ಹುಳಿಗೆ ಲೋಹ ಬಿಟ್ಟುಕೊಂಡು ಬಣ್ಣ, ರುಚಿ ಎರಡೂ ಕೆಡುತ್ತವೆ. ತಳ ಹಿಡಿಯದಂತೆ ಕೈಯಾಡಿಸುತ್ತಾ ಇರಿ. ಅಂಚಿನಲ್ಲಿ ಗುಳ್ಳೆ ಬಂದು, ಮೇಲೆಲ್ಲಾ ಹಬೆ ಏಳಲು ಶುರುವಾದ ಮೇಲೆ ಐದು ನಿಮಿಷ ಸಾಕು. ಈ ಹಂತದಲ್ಲಿ ತಿರುಳು ಸಿಡಿಯುತ್ತದೆ, ಕೈ ಸುಡುತ್ತೆ. ಉದ್ದ ಹಿಡಿಯ ಸೌಟು ಬಳಸಿ, ಮಕ್ಕಳನ್ನು ದೂರ ಇಡಿ.

"ಫ್ರೀಜರಿನಲ್ಲಿ ಇಡೋದಕ್ಕೆ ಬಿಸಿ ಯಾಕೆ ಮಾಡಬೇಕು?" ಅಂತ ಎಲ್ಲರೂ ಕೇಳುತ್ತಾರೆ. ಹಣ್ಣಿನೊಳಗೆ ಅದನ್ನು ಮಾಗಿಸುವ, ಕಪ್ಪಗೆ ಮಾಡುವ ಗುಣ ಇರುತ್ತದೆ. ವಿಜ್ಞಾನದಲ್ಲಿ ಅದನ್ನು ಕಿಣ್ವ ಎನ್ನುತ್ತಾರೆ. ಚಳಿಯಲ್ಲಿ ಅದು ನಿಧಾನವಾಗುತ್ತೆಯೇ ಹೊರತು ನಿಲ್ಲುವುದಿಲ್ಲ. ಬಿಸಿಗೆ ಮಾತ್ರ ನಿಲ್ಲುತ್ತದೆ. ಹುಳಿ ಬರಿಸುವ ಕ್ರಿಮಿಗಳೂ ಬಿಸಿಗೆ ಬಹುಪಾಲು ಸಾಯುತ್ತವೆ. ಹಸಿಯಾಗಿ ಇಟ್ಟ ತಿರುಳು ಬೇಗ ಕಪ್ಪಗಾಗುವುದು ಇದೇ ಕಾರಣಕ್ಕೆ.

5. ಒಲೆಯಿಂದ ಇಳಿಸಿದ ಮೇಲೆ ಕಿಲೋ ತಿರುಳಿಗೆ ಒಂದು ದೊಡ್ಡ ಚಮಚ ನಿಂಬೆರಸ ಸೇರಿಸಿ. ಬಣ್ಣ ಉಳಿಯುತ್ತದೆ. ಸಕ್ಕರೆ ಈಗ ಬೇಡ. ಬಳಸುವಾಗ ಬೇಕಾದಷ್ಟು ಹಾಕಿಕೊಳ್ಳಬಹುದು.

6. ಬೇಗ ತಣಿಸಬೇಕು. ಅಗಲ ಬೇಸನ್ನಿನಲ್ಲಿ ತಣ್ಣೀರು ಹಾಕಿ ಪಾತ್ರೆಯನ್ನು ಅದರಲ್ಲಿಟ್ಟು ಕೈಯಾಡಿಸಿ. ನೀರು ಬಿಸಿಯಾದರೆ ಬದಲಾಯಿಸಿ. ರಾತ್ರಿಯಿಡೀ ಅಡಿಗೆಮನೆಯಲ್ಲಿ ಹಾಗೇ ಬಿಡಬೇಡಿ.

7. ಅರ್ಧರ್ಧ ಕಿಲೋ ಮಾಡಿ, ಆಹಾರಕ್ಕೆಂದೇ ಮಾರುವ ದಪ್ಪ ಕವರಿಗೆ ತುಂಬಿ. ಗಾಳಿ ಒತ್ತಿ ತೆಗೆದು ಚಪ್ಪಟೆ ಮಾಡಿ ಬಾಯಿ ಮುಚ್ಚಿ. ಡಬ್ಬಿಯಾದರೆ ಮೇಲೆ ಎರಡು ಬೆರಳು ಜಾಗ ಬಿಡಿ, ಏಕೆಂದರೆ ಹೆಪ್ಪುಗಟ್ಟುವಾಗ ತಿರುಳು ಹಿಗ್ಗುತ್ತದೆ. ಗಾಜಿನ ಬಾಟಲಿ ಬೇಡ, ಒಡೆಯುತ್ತದೆ. ಕವರಿನ ಮೇಲೆ ಹಣ್ಣಿನ ಹೆಸರು, ತೂಕ, ತಾರೀಕು ಬರೆಯಿರಿ.

8. ಮೊದಲ ದಿನ ಕವರುಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಒಂದೇ ಪದರವಾಗಿ ಹರಡಿ. ಕಲ್ಲಿನಂತೆ ಗಟ್ಟಿಯಾದ ಮೇಲೆ ಪುಸ್ತಕದ ಹಾಗೆ ನಿಲ್ಲಿಸಿ ಜೋಡಿಸಬಹುದು.

ಎಷ್ಟು ದಿನ ಇರುತ್ತೆ?

ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ ಕಾದುಕೊಂಡರೆ ಹತ್ತು ಹನ್ನೆರಡು ತಿಂಗಳು ಚೆನ್ನಾಗಿರುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿರುವುದು ಒಂದೇ ಬಾಗಿಲಿನ ಫ್ರಿಜ್. ಅದರ ಮೇಲಿನ ಚಿಕ್ಕ ಖಾನೆ ಅಷ್ಟು ತಣ್ಣಗಿರುತ್ತೆ ಅಂತ ನಂಬೋ ಹಾಗಿಲ್ಲ. ಅಲ್ಲಿ ಇಟ್ಟದ್ದನ್ನು ಎರಡು ತಿಂಗಳೊಳಗೆ ಖರ್ಚು ಮಾಡಿ. ಜನವರಿವರೆಗೆ ಇಡಬೇಕಾದದ್ದು ಡೀಪ್ ಫ್ರೀಜರಿಗೇ ಹೋಗಬೇಕು. ಇನ್ನೊಂದು ವಿಷಯ, ಆ ಫ್ರಿಜ್‌ನಲ್ಲಿ ಐಸ್ ಕರಗಿಸುವ ಗುಂಡಿ ಇರುತ್ತೆ. ಮನೆಯಲ್ಲಿ ಯಾರಾದರೂ ತಿಳಿಯದೆ ಅದನ್ನು ಒತ್ತಿದರೆ ನಿಮ್ಮ ತಿರುಳೂ ಕರಗಿತು ಅಂತಲೇ ಅರ್ಥ. ಎಲ್ಲರಿಗೂ ಹೇಳಿಡಿ.

ಕರೆಂಟು ಹೋದರೆ? ಮೊದಲು ಬಾಗಿಲು ತೆಗೆಯಬೇಡಿ. ತುಂಬಿದ ಡೀಪ್ ಫ್ರೀಜರ್ ಮುಚ್ಚಿಯೇ ಇದ್ದರೆ ಹೆಚ್ಚೆಂದರೆ ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ ತಡೆಯುತ್ತದೆ. ಫ್ರಿಜ್‌ನ ಚಿಕ್ಕ ಖಾನೆ ಅಷ್ಟು ತಡೆಯುವುದಿಲ್ಲ. ನಾವು ಊರಿಗೆ ಹೋಗಿದ್ದಾಗ ಕರೆಂಟು ಹೋಗಿ ಬಂದಿದೆಯೇ ಅಂತ ತಿಳಿಯಲು ಒಂದು ಉಪಾಯ ಇದೆ. ಚಿಕ್ಕ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳಕ್ಕೆ ಹೋಗಿದ್ದರೆ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ, ಆ ತಿರುಳನ್ನು ನಂಬಬೇಡಿ.

ಬಳಸುವಾಗ ಹಿಂದಿನ ರಾತ್ರಿ ಒಂದು ಕವರು ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಳಿಸಿ. ಪೂರ್ತಿ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಎರಡು ದಿನದೊಳಗೆ ಮುಗಿಸಿ. ಅರ್ಧ ಕಿಲೋ ಕವರು ಅಂತ ಹೇಳಿದ್ದು ಇದಕ್ಕೇ. ಹಾಲಿಗೆ ಬೆರೆಸಿ ಕೊಡಿ, ರಾಗಿ ಮಾಲ್ಟಿಗೆ ಹಾಕಿ, ಕೇಸರಿಬಾತು ಮಾಡಿ, ಚಪಾತಿಗೆ ಸೀಕರಣೆ ಮಾಡಿ. ಕಣ್ಣಿಗೆ ಬೇಕಾದ ಎ ಜೀವಸತ್ವವಾಗಿ ಬದಲಾಗುವ ಅಂಶ ಮಾವಿನ ಹಣ್ಣಿನಲ್ಲಿ ಇದೆ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಅಳತೆಯಲ್ಲಿ ತಿನ್ನಲಿ.

ಫ್ರಿಜ್ ಇಲ್ಲದವರು ಬೇಸರ ಪಡಬೇಡಿ. ಗಡಿ ಊರುಗಳ ನಮ್ಮ ಅಕ್ಕಂದಿರಿಗೆ ಮಾಮಿಡಿ ತಾಂಡ್ರ ಗೊತ್ತೇ ಇದೆ. ಇದೇ ತಿರುಳನ್ನು ತುಪ್ಪ ಸವರಿದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಣಗಿದ ಮೇಲೆ ಮತ್ತೊಂದು ಪದರ ಹಾಕಿ ಬಿಸಿಲಲ್ಲಿ ಒಣಗಿಸಿದರೆ ಕರೆಂಟಿನ ಹಂಗೇ ಇಲ್ಲ. ಮಳೆ ಶುರುವಾಗುವ ಮುಂಚೆ ಮಾಡಬೇಕು. ಆದರೆ ಬೇಯಿಸಿದ ತಿರುಳನ್ನು ಬಾಟಲಿಗೆ ತುಂಬಿ ಗೂಡಿನಲ್ಲಿ ಹಾಗೇ ಇಡುತ್ತೇನೆ ಅನ್ನಬೇಡಿ. ಅದಕ್ಕೆ ಹುಳಿಯ ಅಳತೆ, ಬಾಟಲಿ ಕುದಿಸುವ ಕ್ರಮ ಬೇರೆಯೇ ಇದೆ, ತರಬೇತಿ ಪಡೆಯದೆ ಮಾಡಿದರೆ ಅಪಾಯ. ತಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಂಥ ತರಬೇತಿಯ ಬಗ್ಗೆ ವಿಚಾರಿಸಿ.

ಈಗ ಲೆಕ್ಕಕ್ಕೆ ಬರೋಣ

ಸಂಘದವರು ಲೆಕ್ಕ ಇಲ್ಲದೆ ಕೆಲಸ ಮಾಡಬಾರದು. ಉದಾಹರಣೆಗೆ ಹಣ್ಣು ಕಿಲೋಗೆ 15 ರೂಪಾಯಿ, ಒಬ್ಬರ ಅರ್ಧ ದಿನದ ಕೂಲಿ 200 ರೂಪಾಯಿ ಅಂತ ಇಟ್ಟುಕೊಳ್ಳಿ.

ಇಬ್ಬರು ಸೇರಿ 10 ಕಿಲೋ ಹಣ್ಣು ಮಾಡಿದರೆ: ಹಣ್ಣು 150, ಕೂಲಿ 400, ಗ್ಯಾಸ್, ಕವರು, ನಿಂಬೆಹಣ್ಣು 50. ಒಟ್ಟು 600. ತಿರುಳು 5 ಕಿಲೋ. ಕಿಲೋಗೆ 120 ರೂಪಾಯಿ ಬಿತ್ತು.

ನಾಲ್ವರು ಸೇರಿ 40 ಕಿಲೋ ಮಾಡಿದರೆ: ಹಣ್ಣು 600, ಕೂಲಿ 800, ಇತರೆ 150. ಒಟ್ಟು 1,550. ತಿರುಳು 20 ಕಿಲೋ. ಕಿಲೋಗೆ 77 ರೂಪಾಯಿ 50 ಪೈಸೆ.

ಎರಡು ಪಾಠ ಇದೆ. ಒಂದು, ಒಟ್ಟಿಗೆ ಮಾಡಿದರೆ ಅಗ್ಗ. ಎರಡು, ನಮ್ಮ ಕೂಲಿಯನ್ನು ಬರೆಯದೆ ಬಿಟ್ಟರೆ ಅದೇ ತಿರುಳು ಕಿಲೋಗೆ 40 ರೂಪಾಯಿಗಿಂತ ಕಡಿಮೆ ಅಂತ ಕಾಣುತ್ತದೆ. ಐವತ್ತಕ್ಕೆ ಮಾರಿ ಲಾಭ ಬಂತು ಅಂತ ಸಂತೋಷ ಪಡುತ್ತೇವೆ. ನಿಜಕ್ಕೂ ನಮ್ಮ ಕೂಲಿಯನ್ನೇ ಮಾರಿಕೊಂಡಿರುತ್ತೇವೆ. ಮನೆಯ ಹೆಂಗಸು ಮಾಡಿದ ಕೆಲಸಕ್ಕೆ ಬೆಲೆ ಇಲ್ಲ ಅಂತ ಬೇರೆಯವರು ಹೇಳುವುದು ಸಾಕು, ನಮ್ಮ ಲೆಕ್ಕದ ಪುಸ್ತಕವೂ ಅದನ್ನೇ ಹೇಳಬಾರದು. ಈ ಲೆಕ್ಕಕ್ಕೆ ಕರೆಂಟು ಬಿಲ್ಲು ಇನ್ನೂ ಸೇರಿಲ್ಲ ಅನ್ನೋದೂ ನೆನಪಿರಲಿ.

ಹಾಗಾಗಿ ನನ್ನ ಸಲಹೆ ಇಷ್ಟೇ. ಮೊದಲ ವರ್ಷ ಮನೆಗೆ ಮಾಡಿ. ನಾಲ್ವರು ಸೇರಿ ಮಾಡಿದ 20 ಕಿಲೋವನ್ನು ನಾಲ್ಕು ಮನೆಗೆ ಹಂಚಿ, ಒಬ್ಬೊಬ್ಬರಿಗೆ ಹತ್ತು ಕವರು. ಸಾಲ ತೆಗೆದು ಡೀಪ್ ಫ್ರೀಜರ್ ಕೊಳ್ಳುವ ಆತುರ ಬೇಡ. ನೂರು ಲೀಟರಿನ ಫ್ರೀಜರಿನಲ್ಲಿ ನೂರು ಕಿಲೋ ಹಿಡಿಯುವುದಿಲ್ಲ. ಸಂದುಗೊಂದು ಹೋಗಿ ಅರವತ್ತು ಎಪ್ಪತ್ತು ಹಿಡಿದರೆ ಹೆಚ್ಚು. ವರ್ಷದಲ್ಲಿ ಉಳಿದ ದಿನ ಅದು ಖಾಲಿ ನಿಂತರೂ ಕಂತು ಕಟ್ಟಲೇಬೇಕು.

ಮಾರಲೇಬೇಕು ಅನ್ನುವ ಸಂಘಗಳು ಮೊದಲು ಆಹಾರ ಸುರಕ್ಷತೆ ನೋಂದಣಿ ಮಾಡಿಸಬೇಕು. ಕವರಿನ ಮೇಲೆ ಏನೇನು ಹಾಕಿದೆ, ತೂಕ, ತಾರೀಕು, ನೋಂದಣಿ ಸಂಖ್ಯೆ ಇರಬೇಕು. ದೂರದ ಊರಿಗೆ ಕಳಿಸಿದರೆ ದಾರಿಯಲ್ಲಿ ಕರಗುತ್ತದೆ, ಆದ್ದರಿಂದ ನಿಮ್ಮ ಪಟ್ಟಣದ ಜ್ಯೂಸ್ ಅಂಗಡಿ, ಅಡುಗೆ ಕಂಟ್ರಾಕ್ಟರುಗಳನ್ನೇ ಮೊದಲು ಕೇಳಿ. ಕಿರು ಆಹಾರ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಒಂದು ಯೋಜನೆ ತಂದಿತು. ಅದರಲ್ಲಿ ಸಾಲದ ಜೊತೆ ಯೋಜನಾ ವೆಚ್ಚದ ಶೇಕಡಾ 35ರಷ್ಟು ಸಹಾಯಧನವೂ, ಸ್ವಸಹಾಯ ಸಂಘದ ಸದಸ್ಯೆಯರಿಗೆ ಮೂಲ ಬಂಡವಾಳವೂ ಸೇರಿತ್ತು. ಈಗ ಯಾವ ಯೋಜನೆಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ ಅಂತ ಕೃಷಿ ಇಲಾಖೆಯ ಕಚೇರಿಗೆ ಇಬ್ಬರು ಹೋಗಿ ಕೇಳಿಕೊಂಡು ಬನ್ನಿ.

ಮುಂದಿನ ವಾರದ ಸಭೆಗೆ

* ನಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಫ್ರಿಜ್ ಇದೆ, ಖಾನೆಯಲ್ಲಿ ಎಷ್ಟು ಕವರು ಹಿಡಿಯುತ್ತೆ? ಪಟ್ಟಿ ಮಾಡಿ.
* ಈ ಸಲ ಎಷ್ಟು ಕಿಲೋ, ಯಾವ ದಿನ, ಯಾರ ಮನೆಯಲ್ಲಿ ಮಾಡೋಣ? ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.
* ನಮ್ಮ ಊರಿನ ಬೆಲೆ ಹಾಕಿ, ಕೂಲಿಯನ್ನೂ ಸೇರಿಸಿ ಲೆಕ್ಕ ಮಾಡಿ.

ಹಣ್ಣಿನ ಕಾಲ ಕೆಲವೇ ವಾರಗಳದ್ದು. ಮರದ ಕೆಳಗೆ ಕೊಳೆಯುವ ಹಣ್ಣಿನಲ್ಲಿ ನಮ್ಮ ನೀರು, ಗೊಬ್ಬರ, ಮೈಬೆವರು ಎಲ್ಲವೂ ಇದೆ. ಈ ಸಲ ಅದರಲ್ಲಿ ಹತ್ತು ಕವರನ್ನಾದರೂ ಉಳಿಸಿಕೊಳ್ಳೋಣ.