ಉಪಕಾರ ಮಾಡುವಾಗ ಮಿಷನ್ ಕೆಟ್ಟರೆ



ಇವತ್ತು ನಾವು ಒಂದು ಸಣ್ಣ ವಿಷಯ ಮಾತಾಡೋಣ. ವಿಷಯ ಸಣ್ಣದು. ಆದರೆ ಇದರಿಂದ ಎಷ್ಟೋ ಮನೆಗಳ ನಡುವೆ ಮಾತು ನಿಂತುಹೋಗಿದೆ.

ನಮ್ಮ ಧರ್ಮಸ್ಥಳ, ಬೆಳ್ತಂಗಡಿ ಕಡೆ ನೆರೆಕರೆಯವರೆಂದರೆ ಅರ್ಧ ನೆಂಟರು. ಅವರ ಗದ್ದೆಗೆ ನಾವು ನೇಜಿ ನೆಡಲು ಹೋಗುತ್ತೇವೆ. ನಮ್ಮ ಗದ್ದೆಗೆ ಅವರು ಬರುತ್ತಾರೆ. ಇದು ಮುಯ್ಯಾಳು. 1982ರಲ್ಲಿ ಧರ್ಮಸ್ಥಳದಲ್ಲಿ ಗ್ರಾಮಾಭಿವೃದ್ಧಿ ಯೋಜನೆ ಶುರುವಾಯಿತು. ಅದರ ಪ್ರಗತಿಬಂಧು ಗುಂಪುಗಳದೂ ಇದೇ ಪದ್ಧತಿ. ಸರದಿಯಂತೆ ಒಬ್ಬೊಬ್ಬರ ತೋಟದಲ್ಲಿ ಎಲ್ಲರೂ ದುಡಿಯುತ್ತಾರೆ. ಆಳಿಗೆ ಆಳು. ಲೆಕ್ಕ ಸರಿಯಾಗುತ್ತದೆ.

ಈಗ ಮನೆಗಳಿಗೆ ಮಿಷನ್‌ಗಳು ಬಂದಿವೆ. ಹೊಲಿಗೆ ಮಿಷನ್, ಗ್ರೈಂಡರ್, ಅಡಿಕೆಗೆ ಮದ್ದು ಬಿಡುವ ಪಂಪು, ಹುಲ್ಲು ಕತ್ತರಿಸುವ ಮಿಷನ್. ಇವನ್ನೂ ನಾವು ಉಪಕಾರಕ್ಕೆ ಕೊಡುತ್ತೇವೆ. ನಮ್ಮ ಮೈ ದಣಿದರೆ ಮಲಗಿ ಎದ್ದಾಗ ಸರಿಯಾಗುತ್ತದೆ. ಮಿಷನ್ ಹಾಗಲ್ಲ. ಅದು ಕೆಟ್ಟರೆ ದುಡ್ಡು ಬೇಕು.

ಆ ದುಡ್ಡು ಯಾರು ಕೊಡಬೇಕು? ಕೇಳಲು ನಾಚಿಕೆ. ಕೇಳದಿದ್ದರೆ ಸಂಕಟ. ಹೊಲಿದು ಬದುಕುವ ಅಕ್ಕನ ಮಿಷನ್ ಎರಡು ದಿನ ನಿಂತರೆ, ಎರಡು ದಿನದ ಸಂಪಾದನೆಯೂ ನಿಂತಿತು.

ಮೊದಲು ಮಿಷನ್ ಯಾಕೆ ಕೆಟ್ಟಿತು ಎಂದು ನೋಡಬೇಕು.

ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಬೆರೆಸಿ ಅಡಿಕೆಗೆ ಬಿಡುತ್ತೇವೆ. ಆಮೇಲೆ ಪಂಪು ತೊಳೆಯದಿದ್ದರೆ ಸುಣ್ಣ ಒಳಗೆ ಕಟ್ಟಿಕೊಳ್ಳುತ್ತದೆ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ತಂದವರು ತೊಳೆಯದೆ ಕೊಟ್ಟರೆ ರಿಪೇರಿ ಅವರ ಹೊಣೆ.

ಹುಲ್ಲು ಕತ್ತರಿಸುವ ಕೆಲವು ಮಿಷನ್‌ಗಳಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು. ಬರೀ ಪೆಟ್ರೋಲ್ ಹಾಕಿದರೆ ಎಂಜಿನ್ ಹಾಳು. ಇದನ್ನು ಕೊಡುವವರು ಹೇಳಬೇಕು. ಹೇಳಿದ ಮೇಲೂ ಬೆರೆಸದಿದ್ದರೆ ತಂದವರ ತಪ್ಪು.

ಬೆಲ್ಟು ಹಳೆಯದಾಗಿ ತುಂಡಾಯಿತು ಎನ್ನಿ. ಅದು ಯಾರ ಕೈಯಲ್ಲಿದ್ದರೂ ತುಂಡಾಗುತ್ತಿತ್ತು. ಆ ಖರ್ಚು ಮಿಷನಿನ ಯಜಮಾನರದು.

ಇದಕ್ಕೆ ಕಾನೂನೂ ಇದೆ. 1872ರ ಭಾರತೀಯ ಕರಾರು ಕಾಯಿದೆ. ಅದು ಇಂದಿಗೂ ನಡೆಯುತ್ತಿದೆ. ಅದು ಹೇಳುವುದು ಇಷ್ಟು. ಬೇರೆಯವರ ವಸ್ತುವನ್ನು ನಮ್ಮ ವಸ್ತುವಿನಂತೆ ಜೋಪಾನ ಮಾಡಬೇಕು. ಜೋಪಾನ ಮಾಡಿಯೂ ಕೆಟ್ಟರೆ, ಬೇರೆ ಮಾತು ಆಗಿರದಿದ್ದರೆ, ತಂದವರು ಹೊಣೆಯಲ್ಲ.

ಆ ಕಾಯಿದೆಯಲ್ಲಿ ಕುದುರೆಯ ಉದಾಹರಣೆ ಇದೆ. ತುಂಟ ಕುದುರೆ ಎಂದು ಗೊತ್ತಿದ್ದೂ ಹೇಳದೆ ಕೊಟ್ಟರೆ, ಬಿದ್ದವರ ನಷ್ಟಕ್ಕೆ ಕೊಟ್ಟವರು ಹೊಣೆ. ನೀವು ಮಾತ್ರ ಸವಾರಿ ಮಾಡಿ ಎಂದು ಕೊಟ್ಟ ಕುದುರೆಯನ್ನು ಮನೆಯ ಇನ್ನೊಬ್ಬರಿಗೆ ಕೊಟ್ಟು, ಅದಕ್ಕೆ ಪೆಟ್ಟಾದರೆ, ತಂದವರು ಹೊಣೆ. ಆ ಇನ್ನೊಬ್ಬರು ಎಷ್ಟು ಜಾಗ್ರತೆಯಿಂದ ಓಡಿಸಿದ್ದರೂ ಅಷ್ಟೇ. ನಮ್ಮಲ್ಲಿ ಕುದುರೆ ಇಲ್ಲ, ಗ್ರೈಂಡರ್ ಇದೆ. ನ್ಯಾಯ ಒಂದೇ. ಕರೆಂಟು ಹೊಡೆಯುವ ಗ್ರೈಂಡರನ್ನು ಹೇಳದೆ ಕೊಡಬಾರದು. ತಂದ ಪಂಪನ್ನು ಕೇಳದೆ ಮೂರನೆಯವರಿಗೆ ದಾಟಿಸಬಾರದು.

ಇನ್ನೊಂದು ಸಂಗತಿ. ನಮ್ಮ ಗ್ರೈಂಡರಿನಲ್ಲಿ ನಾವೇ ಅವರ ಅಕ್ಕಿ ಅರೆದು ಕೊಡುತ್ತೇವೆ. ಆಗ ಕೆಟ್ಟರೆ? ಮಿಷನ್ ನಮ್ಮ ಕೈಯಲ್ಲೇ ಇತ್ತು. ಹಾಗಾಗಿ ಅವರನ್ನು ದೂರುವುದು ಸರಿಯಲ್ಲ. ಆದರೆ ಕೆಲಸ ಅವರದು. ಅವರಾಗಿಯೇ “ಅಕ್ಕಾ, ಅರ್ಧ ನಾವು ಕೊಡುತ್ತೇವೆ” ಎಂದರೆ ಮರ್ಯಾದೆ ಉಳಿಯುತ್ತದೆ. ದೊಡ್ಡ ಸಮಾರಂಭದ ಅಕ್ಕಿಯಾದರೆ ಮೊದಲೇ ಸ್ವಲ್ಪ ಬಾಡಿಗೆ ಮಾತಾಡುವುದು ಒಳ್ಳೆಯದು. ಬಾಡಿಗೆ ಕೇಳಿದರೆ ಸ್ನೇಹ ಕೆಡುವುದಿಲ್ಲ. ಕೇಳದೆ ಒಳಗೊಳಗೇ ಕೊರಗಿದರೆ ಕೆಡುತ್ತದೆ.

ಆದುದರಿಂದ ಕೊಡುವಾಗ ಮೂರು ಮಾತು ಸಾಕು. ಮಿಷನಿನಲ್ಲಿ ಏನು ತೊಂದರೆ ಇದೆ. ಹೇಗೆ ನಡೆಸಬೇಕು. ಕೆಟ್ಟರೆ ಯಾರು ಎಷ್ಟು ಕೊಡಬೇಕು. ಇಬ್ಬರೂ ನಿಂತು ಒಮ್ಮೆ ಓಡಿಸಿ ನೋಡಿ. ವಾಪಸು ಬಂದಾಗಲೂ ಓಡಿಸಿ ನೋಡಿ.

ಈಗ ನಮಗೆ ಬರೆಯಲು ಬರುತ್ತದೆ. ಒಂದು ಪುಸ್ತಕದಲ್ಲಿ ತಾರೀಕು, ವಸ್ತು, ಕೊಂಡುಹೋದವರ ಹೆಸರು ಬರೆದಿಡೋಣ. ಇದು ಅಪನಂಬಿಕೆಯಲ್ಲ. ಬಾಯಿಮಾತು ಮರೆತುಹೋಗುತ್ತದೆ, ಬರೆದದ್ದು ಉಳಿಯುತ್ತದೆ. ನಾಳೆ ಜಗಳವಾಡುವ ಬದಲು ಪುಸ್ತಕ ತೆರೆದು ನೋಡಬಹುದು.