ಬೆಳಕಿನ ಜೋಡಿ



ಕತ್ತಲಕೋಣೆಯಲ್ಲಿ ಗಡಿಗೆಯಿದೆ. ದೀಪ ತಂದೊಡನೆ ಕಾಣುತ್ತದೆ. ದೀಪವು ಗಡಿಗೆಯನ್ನು ತೋರಿಸಿತೇ ಹೊರತು ಹುಟ್ಟಿಸಲಿಲ್ಲ. ತರ್ಕಶಾಸ್ತ್ರ ಓದಿದ ಕಾಲದಿಂದ ನಾವು ಇದನ್ನು ಹೇಳುತ್ತ ಬಂದಿದ್ದೇವೆ. ಗಡಿಗೆಯ ಮಟ್ಟಿಗೆ ಅದು ದಿಟವೇ.

ಹುಣಸೂರು ಸಂತೆಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡು, ನೋಡದೆ ಒಂದನ್ನು ಹೆಗ್ಗಡದೇವನಕೋಟೆಗೂ ಇನ್ನೊಂದನ್ನು ಕೃಷ್ಣರಾಜನಗರಕ್ಕೂ ಕಳಿಸಿದಿರೆನ್ನಿ. ಕೋಟೆಯಲ್ಲಿ ಚೀಲ ಬಿಚ್ಚಿದವನಿಗೆ ಎಡಗಾಲಿನದು ಕಂಡರೆ, ಅಲ್ಲಿರುವುದು ಬಲಗಾಲಿನದೆಂದು ಆ ಕ್ಷಣವೇ ತಿಳಿಯುತ್ತದೆ. ಇದು ಪವಾಡವಲ್ಲ, ಸಂತೆಯಲ್ಲಿಯೇ ಅದು ಎಡವಾಗಿತ್ತು. ಜೋಡಿಯಾಗಿದ್ದು ಬೇರ್ಪಟ್ಟ ಸೂಕ್ಷ್ಮ ಕಣಗಳೂ ಹೀಗೆಯೇ ಇರಬೇಕೆಂಬುದು 1935ರಲ್ಲಿ ಐನ್‌ಸ್ಟೈನರ ವಾದ.

1964ರಲ್ಲಿ ಬೆಲ್‌ಫಾಸ್ಟಿನ ಜಾನ್ ಬೆಲ್ ಎಂಬುವರು ಇದಕ್ಕೊಂದು ಒರೆಗಲ್ಲು ಕೊಟ್ಟರು. ಅದರ ಹುರುಳನ್ನು ಆಟದಂತೆ ಹೇಳುತ್ತೇವೆ. ಅಣ್ಣ ಕೋಟೆಯಲ್ಲಿ, ತಮ್ಮ ಕೃಷ್ಣರಾಜನಗರದಲ್ಲಿ, ಪರಸ್ಪರ ಮಾತಿಲ್ಲ. ಚೀಟಿ ಎತ್ತಿ ಒಬ್ಬೊಬ್ಬರಿಗೂ ಎರಡರಲ್ಲೊಂದು ಪ್ರಶ್ನೆ ಕೇಳುತ್ತಾರೆ. ಉತ್ತರ ಹೌದು ಇಲ್ಲವೆ ಅಲ್ಲ. ಇಬ್ಬರಿಗೂ ಎರಡನೆಯ ಪ್ರಶ್ನೆಯೇ ಬಂದರೆ ಉತ್ತರಗಳು ಬೇರೆಯಾಗಬೇಕು, ಮಿಕ್ಕ ಮೂರು ಸಂದರ್ಭಗಳಲ್ಲಿ ಒಂದೇ ಆಗಬೇಕು. ಮನೆಯಲ್ಲಿ ಎಷ್ಟೇ ಮಾತಾಡಿಕೊಂಡು ಹೋದರೂ ನೂರಕ್ಕೆ 75ಕ್ಕಿಂತ ಹೆಚ್ಚು ಗೆಲ್ಲಲಾಗದು. ನೀವೇ ಲೆಕ್ಕ ಹಾಕಿ ನೋಡಿ, ಮಕ್ಕಳಿಗೂ ಹೊತ್ತು ಹೋಗುತ್ತದೆ. ಆದರೆ ಬೆಳಕಿನ ಜೋಡಿ ಕಣಗಳನ್ನು ಒಯ್ದು, ಪ್ರಶ್ನೆಗೆ ತಕ್ಕ ಕೋನದಲ್ಲಿ ಅಳೆದು ಉತ್ತರಿಸಿದರೆ ಸುಮಾರು 85ರವರೆಗೆ ಗೆಲ್ಲಬಹುದು! ಈ ಒರೆಗಲ್ಲಿಗೆ ಕಣಗಳನ್ನು ತಿಕ್ಕಿ ನೋಡಿದ ಕ್ಲೌಸರ್, ಆಸ್ಪೆ, ಸೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಹುಮಾನ ಬಂತು.

ಅಂದಮೇಲೆ, ನೋಡುವ ಮೊದಲೇ ಎಡಬಲವಿತ್ತೆನ್ನುವುದನ್ನಾದರೂ ಬಿಡಬೇಕು, ದೂರವು ತಡೆಯೆನ್ನುವುದನ್ನಾದರೂ ಬಿಡಬೇಕು. ಯಾವುದನ್ನು ಬಿಡಬೇಕೆಂಬಲ್ಲಿ ಪಂಡಿತರಿಗೆ ಇಂದಿಗೂ ಒಮ್ಮತವಿಲ್ಲ. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಮತ್ತು ಸಂಗಡಿಗರು ಕಾಲದ ದಿಕ್ಕಿನಿಂದ ಇದನ್ನು ಕೇಳಿದರು. ನೋಡದಾಗಲೂ ನಿಶ್ಚಿತ ಸ್ಥಿತಿಯುಂಟು, ನೋಟದಿಂದ ಅದು ಕೆಡದು ಎಂಬ ನಂಬಿಕೆ ಒಂದೇ ಕಣದ ವಿಷಯದಲ್ಲಿಯೂ ನಿಲ್ಲದೆಂದು 2022ರಲ್ಲಿ ಪ್ರಕಟಿಸಿದರು.

ಇದನ್ನು ಹೇಳಲು ಕಾರಣವುಂಟು. ಪಿರಿಯಾಪಟ್ಟಣದ ಕಡೆಯ ತಾಯಿಯೊಬ್ಬರು ಹೊಗೆಸೊಪ್ಪು ಮಾರಿದ ಹಣದಲ್ಲಿ ‘ಕ್ವಾಂಟಮ್’ ತಾಯಿತ ಕೊಂಡು ತಂದಿದ್ದರು. ದೂರದೂರಿನ ಆಸ್ಪತ್ರೆಯಲ್ಲಿರುವ ಮಗನಿಗೆ ಇದರ ಶಕ್ತಿ ಇಲ್ಲಿಂದಲೇ ಮುಟ್ಟುತ್ತದೆಂದು ಮಾರಿದವನು ಹೇಳಿದ್ದನಂತೆ. ತಾಯಿ, ಅಣ್ಣನಿಗೆ ಬರುವ ಉತ್ತರ ಅವನ ಇಚ್ಛೆಯದಲ್ಲ. ಹೌದು ಅಲ್ಲ ಅರ್ಧಕ್ಕರ್ಧ. ತಮ್ಮನಿಗೂ ಅಷ್ಟೆ. ಇಬ್ಬರ ಪಟ್ಟಿಗಳನ್ನೂ ಒಂದೆಡೆ ತಂದಿಟ್ಟಾಗಲೇ ಹೊಂದಿಕೆ ಕಾಣುವುದು. ಆ ದಾರಿಯಲ್ಲಿ ಒಂದಕ್ಷರದ ಸುದ್ದಿಯೂ ಹೋಗದು, ಔಷಧವಂತೂ ಹೋಗದು. ಮಗನ ಬಳಿಗೆ ಬಸ್ಸು ಹೋಗುತ್ತದೆ, ಇಂದೇ ಹೊರಡಿರೆಂದು ದಾರಿಖರ್ಚು ಕೊಡಿಸಿ ಕಳಿಸಿದೆವು.